ಕಿವಿಯೊಳಗಿನ ಬಾಡಿಗೆದಾರ

ಕಣ್ಣಿಗೆ ರೆಪ್ಪೆ ಇಟ್ಟ ಬ್ರಹ್ಮದೇವ ಕಿವಿಗೊಂದು ಮುಚ್ಚಳ ಇಡುವುದನ್ನು ಏಕೆ ಮರೆತನೋ ತಿಳಿಯದು. ಆದರೂ ಹೊರಗಿನ ಶಬ್ದಕ್ಕೆ ಹತ್ತಿಯುಂಟು, ಬಾಗಿಲುಂಟು, ಕಡೆಗೆ ಪಕ್ಕದ ಮನೆಯವರೊಡನೆ ಜಗಳವಾದರೂ ಉಂಟು. ಶಬ್ದ ಒಳಗೇ ಹುಟ್ಟಿಕೊಂಡರೆ ಯಾರ ಮೇಲೆ ಜಗಳಕ್ಕೆ ಹೋಗುವುದು?

2022ರ ಬೇಸಿಗೆಯ ಒಂದು ರಾತ್ರಿ ನಮ್ಮ ಬಡಾವಣೆಯಲ್ಲಿ ಕರೆಂಟು ಹೋಯಿತು. ಇನ್ವರ್ಟರಿನ ಬ್ಯಾಟರಿ ಹಿಂದಿನ ವಾರವೇ ಕೈಕೊಟ್ಟಿತ್ತು. ಫ್ಯಾನು ನಿಂತು ಮನೆಯೆಲ್ಲ ನಿಶ್ಶಬ್ದವಾದಾಗ ಸಣ್ಣದೊಂದು ಸದ್ದು ಕೇಳಿಸಿತು. ಕುಕ್ಕರು ಕೂಗುವ ಮೊದಲು ‘ಸುಯ್’ ಎಂದು ಎಳೆಯುತ್ತದಲ್ಲ, ಅಂಥದು. ಟಾರ್ಚು ಹಿಡಿದು ಮನೆಯನ್ನೆಲ್ಲ ಸುತ್ತಿದೆ. ಗ್ಯಾಸಿನ ಕೊಳವೆಯನ್ನು ಮೂಸಿದೆ, ನಲ್ಲಿಗಳನ್ನು ಬಿಗಿದೆ. ನಾನು ಹೋದಲ್ಲೆಲ್ಲ ಸದ್ದೂ ಬಂತು. ಕೊನೆಗೆ ನನ್ನಾಕೆಯನ್ನು ಎಬ್ಬಿಸಿ, “ಏನೋ ಸದ್ದು ಬರ್ತಿದೆ, ನಿನಗೆ ಕೇಳಿಸ್ತಿದೆಯೆ?” ಎಂದೆ.

“ನನಗೆ ಕೇಳಿಸ್ತಿರೋದು ನಿಮ್ಮ ಸದ್ದೊಂದೇ ರೀ. ಸುಮ್ಮನೆ ಮಲಗಿ” ಎಂದಳು.

ಆ ಮಾತಿನಲ್ಲಿ ಎಷ್ಟು ಸತ್ಯವಿತ್ತೆಂಬುದು ಬೆಳಗಾದ ಮೇಲೆ ತಿಳಿಯಿತು. ಕರೆಂಟು ಬಂದಿತ್ತು, ಸದ್ದು ಹೋಗಿರಲಿಲ್ಲ.

ನಮ್ಮ ಪಾರ್ಕಿನ ಗೆಳೆಯರು ಎಲ್ಲ ರೋಗಕ್ಕೂ ಔಷಧ ಬಲ್ಲವರು. ಒಬ್ಬರು ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡಬೇಕೆಂದರು. ಇನ್ನೊಬ್ಬರು ಕೈಮುಗಿದು, ಯೋಗಿಗಳು ಜನ್ಮವೆಲ್ಲ ಸಾಧನೆ ಮಾಡಿ ಕೇಳುವ ಅನಾಹತ ನಾದ ನಿಮಗೆ ಪೆನ್ಷನ್ನಿನ ಜೊತೆಗೇ ಬಂದಿದೆಯಲ್ಲ ಎಂದರು. ಆಯುರ್ವೇದ ಓದಿಕೊಂಡ ಮೂರನೆಯವರು, ಸುಶ್ರುತ ಹೇಳಿದ 28 ಕರ್ಣರೋಗಗಳಲ್ಲಿ ಇದೂ ಇದೆ ಎಂದರು: ಭೇರಿ, ಮೃದಂಗ, ಶಂಖಗಳಂತೆ ಕೇಳಿಸಿದರೆ ಕರ್ಣನಾದ, ಕೊಳಲಿನಂತಾದರೆ ಕರ್ಣಕ್ಷ್ವೇಡ. ನನ್ನದು ಕೊಳಲಿನ ಪಂಗಡವೆಂದು ತೀರ್ಮಾನವಾಯಿತು. ರೋಗಕ್ಕೆ ಹೆಸರು ಸಿಕ್ಕಿತು. ನನಗೆ ನಿದ್ದೆ ಸಿಗಲಿಲ್ಲ.

ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, ಇದಕ್ಕೆ ಟಿನಿಟಸ್ ಎನ್ನುತ್ತಾರೆ ಎಂದರು. ಸದ್ದು ಒಂದೇ ಕಿವಿಯಲ್ಲಿದ್ದರೆ, ನಾಡಿಯ ಜೊತೆಗೆ ಮಿಡಿಯುತ್ತಿದ್ದರೆ, ಅಥವಾ ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ತಡಮಾಡಬಾರದು; ನನ್ನದು ಅಂಥದಲ್ಲ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಸುರುಳಿಯುಂಟು. ಅದರಲ್ಲಿ ಸುಮಾರು 15,000 ರೋಮಕೋಶಗಳು. ಒಮ್ಮೆ ಸತ್ತರೆ ಮನುಷ್ಯನಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಆ ಕಡೆಯಿಂದ ಬರುವ ವರ್ತಮಾನ ಕಡಿಮೆಯಾದಾಗ ಮಿದುಳು, ಸ್ಟೇಷನ್ನು ಸರಿಯಾಗಿ ಸಿಕ್ಕದ ರೇಡಿಯೋದ ಸ್ವರವನ್ನು ನಾವು ಏರಿಸುವಂತೆ, ತಾನೇ ಏರಿಸಿಕೊಳ್ಳುತ್ತದೆಯಂತೆ. ಆ ಗೊರಗೊರವೇ ಈ ಸದ್ದು. ಶ್ರವಣಯಂತ್ರ ಹಾಕಿಕೊಂಡರೆ ಅನುಕೂಲವಾದೀತು. ಸದ್ದನ್ನು ಅಳಿಸಿಬಿಡುವ ಮಾತ್ರೆ ಮಾತ್ರ ಇಲ್ಲ. “ಇದರ ಜೊತೆ ಬದುಕೋದು ಕಲೀಬೇಕು ಸಾರ್” ಎಂದರು. ಹೇಗೆ ಕಲಿಯಬೇಕೆಂದು ಕೇಳುವಷ್ಟರಲ್ಲಿ ಮುಂದಿನ ರೋಗಿ ಒಳಗೆ ಬಂದಾಗಿತ್ತು.

ಆಮೇಲಿನ ಏಳೆಂಟು ತಿಂಗಳನ್ನು ವಿಸ್ತರಿಸಿ ಬರೆಯುವ ಇಚ್ಛೆ ನನಗಿಲ್ಲ. ರಾಮನವಮಿಯ ಕಚೇರಿಗಳಿಗೆ ಹೋಗುವುದನ್ನು ಬಿಟ್ಟೆ. ಪುಸ್ತಕ ಹಿಡಿದರೆ ಪುಟ ಮುಗಿಯುತ್ತಿರಲಿಲ್ಲ. ಚಮಚ ಬಿದ್ದ ಸದ್ದಿಗೆ ನನ್ನಾಕೆಯ ಮೇಲೆ ರೇಗಿ, ಹಾಸಿಗೆಯನ್ನು ನಡುಮನೆಗೆ ಸಾಗಿಸಿದೆ. ಒಂದು ರಾತ್ರಿ ಮೂರು ಗಂಟೆಯಲ್ಲಿ ಮಹಡಿಯ ಮೇಲೆ ನಿಂತು, ಸಾಯುವವರೆಗೂ ಹೀಗೆಯೆ ಎಂದುಕೊಂಡೆ. ‘ಸಾಯುವವರೆಗೂ’ ಎಂಬ ಮಾತು ಒಂದು ಕ್ಷಣ ಸಮಾಧಾನದಂತೆ ಕೇಳಿಸಿತು. ಅದಕ್ಕೇ ಹೆದರಿ ಕೆಳಗಿಳಿದು ಬಂದು, ಪುಣೆಯಲ್ಲಿರುವ ಮಗಳಿಗೆ ಆ ಹೊತ್ತಿನಲ್ಲೇ ಫೋನು ಮಾಡಿದೆ.

ಅವಳು ವಾರದೊಳಗೆ ಎಂಟು ವಾರಗಳ ಪಾಠಕ್ರಮವೊಂದನ್ನು ಹುಡುಕಿದಳು. ಎಲ್ಲವೂ ಆನ್‌ಲೈನ್. ವಾರಕ್ಕೊಂದು ಪಾಠ, ಅಭ್ಯಾಸ. ನಾವು ಬರೆದುದನ್ನು ಮನಶ್ಶಾಸ್ತ್ರ ಬಲ್ಲ ಒಬ್ಬಾಕೆ ಓದಿ ಉತ್ತರ ಬರೆಯುತ್ತಾರೆ. ನನಗೆ ಸಿಟ್ಟು ಬಂತು. ಸದ್ದು ಕಿವಿಯಲ್ಲಿದ್ದರೆ ಮನಸ್ಸಿನ ವೈದ್ಯವೇಕೆ? ನನಗೇನು ಹುಚ್ಚೆ?

“ಹುಚ್ಚು ಅಂತ ಯಾರಂದ್ರಪ್ಪ? ನಿನಗೆ ಲೆಕ್ಕ ಬರೆಯೋದು ಇಷ್ಟ ತಾನೆ? ಅಲ್ಲಿ ಬರೆಯೋದೇ ಕೆಲಸ” ಎಂದಳು. ನಾನು ಮೂವತ್ತಾರು ವರ್ಷ ಆಡಿಟ್ ಕೆಲಸ ಮಾಡಿದವನು. ಅಪ್ಪನನ್ನು ಎಲ್ಲಿ ಹಿಡಿಯಬೇಕೆಂಬುದು ಹೆಣ್ಣುಮಕ್ಕಳಿಗೆ ಗೊತ್ತಿರುತ್ತದೆ.

ಮೊದಲ ದಿನ 25 ಪ್ರಶ್ನೆಗಳ ಪಟ್ಟಿ. 1996ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಈ ಪಟ್ಟಿ ಈಗ ಕನ್ನಡಕ್ಕೂ ಬಂದಿದೆ. ನೂರಕ್ಕೆ ಅಂಕ, ಹೆಚ್ಚು ಬಂದಷ್ಟೂ ಅವಸ್ಥೆ ಕೆಟ್ಟದ್ದು. ನನಗೆ 62 ಬಂದು ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದೆ.

ಸಂಶಯ ನನ್ನ ಕಸುಬಾದುದರಿಂದ ಈ ವಿದ್ಯೆಯ ಪೂರ್ವೋತ್ತರವನ್ನೂ ವಿಚಾರಿಸಿದೆ. ಅಮೆರಿಕದ ಆರನ್ ಬೆಕ್ ಎಂಬ ವೈದ್ಯರು 1960ರ ದಶಕದಲ್ಲಿ ಖಿನ್ನತೆಯ ರೋಗಿಗಳಿಗಾಗಿ ರೂಪಿಸಿದ ಚಿಕಿತ್ಸೆ ಇದರ ಮೂಲಗಳಲ್ಲಿ ಒಂದು. ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ ಎಂದು ಹೆಸರು. ಯೋಚನೆಯನ್ನೂ ನಡವಳಿಕೆಯನ್ನೂ ತಿದ್ದಿಕೊಂಡು ಸಂಕಟವನ್ನು ತಗ್ಗಿಸಿಕೊಳ್ಳುವ ಮಾರ್ಗ. ಕಿವಿಮೊರೆತದವರಿಗೆ ಇದನ್ನು ಇಂಟರ್ನೆಟ್ಟಿನ ಮೂಲಕ ಕೊಟ್ಟು, ಗೆರ್ಹಾರ್ಡ್ ಆಂಡರ್‌ಸನ್ ಮತ್ತು ಅವರ ಜೊತೆಗಾರರು ಸ್ವೀಡನ್ನಿನಲ್ಲಿ ನಡೆಸಿದ ಪ್ರಯೋಗ 2002ರಲ್ಲಿ ಪ್ರಕಟವಾಯಿತು. ಈ ಬಗೆಯ ಚಿಕಿತ್ಸೆಯ 28 ಪ್ರಯೋಗಗಳನ್ನು, 2733 ಜನರ ಫಲಿತಾಂಶವನ್ನು, ಕಾಕ್ರೇನ್ ವಿಮರ್ಶೆಯವರು 2020ರಲ್ಲಿ ಒಟ್ಟಿಗೆ ತೂಗಿ ನೋಡಿದರು. ಬದುಕಿಗೆ ಇದರಿಂದಾಗುವ ತೊಂದರೆ ಕಡಿಮೆಯಾಗಬಹುದು, ಆದರೆ ಬಹುಕಾಲದ ಫಲಕ್ಕೆ ಪುರಾವೆ ಇನ್ನೂ ಸಾಲದು ಎಂದು ಬರೆದರು. ಇಷ್ಟು ಎಚ್ಚರಿಕೆಯಿಂದ ಮಾತಾಡುವವರನ್ನು ನಂಬಬಹುದೆನ್ನಿಸಿತು.

ಪಾಠಗಳಲ್ಲಿ ಮಂತ್ರವೇನೂ ಇರಲಿಲ್ಲ. ಮೈಯ ಒಂದೊಂದೇ ಭಾಗವನ್ನು ಬಿಗಿಹಿಡಿದು ಸಡಿಲಿಸುವುದು. ಪೂರ್ಣ ಮೌನದಲ್ಲಿ ಮಲಗದೆ ಮೆಲ್ಲನೆ ಒಂದು ಫ್ಯಾನಾದರೂ ತಿರುಗುವಂತೆ ಮಾಡುವುದು. ನಿದ್ದೆ ಬಾರದಿದ್ದರೆ ಹಾಸಿಗೆಯಲ್ಲಿ ಹೊರಳಾಡದೆ ಎದ್ದು ಕೂರುವುದು. ಜೊತೆಗೆ ಒಂದು ಕಥೆ. ಅಮೆರಿಕದಲ್ಲಿ ಹೆಲರ್ ಮತ್ತು ಬರ್ಗ್‌ಮನ್ ಎಂಬಿಬ್ಬರು ಕಿವಿ ಚೆನ್ನಾಗಿದ್ದ 80 ಜನರನ್ನು ಒಬ್ಬೊಬ್ಬರಾಗಿ ಶಬ್ದ ನುಸುಳದ ಕೋಣೆಯಲ್ಲಿ ಕೂರಿಸಿ, ಏನು ಕೇಳಿಸುತ್ತದೆಂದು ವಿಚಾರಿಸಿದರಂತೆ. ನೂರಕ್ಕೆ 94ರಷ್ಟು ಜನ ಏನೋ ಸದ್ದು ಕೇಳಿಸುತ್ತದೆ ಎಂದರು. 1953ರಲ್ಲಿ ಇದು ಅಚ್ಚಾಯಿತು. ಅಂದರೆ ಈ ಬಾಡಿಗೆದಾರ ಹೆಚ್ಚು ಕಡಿಮೆ ಎಲ್ಲರ ಮನೆಯಲ್ಲೂ ಇದ್ದಾನೆ. ಉಳಿದವರು ಅವನ ಪಾಡಿಗೆ ಅವನನ್ನು ಬಿಟ್ಟಿದ್ದಾರೆ, ನಾನು ದಿನ ಬೆಳಗಾದರೆ ಅವನ ಬಾಗಿಲು ತಟ್ಟಿ, “ಯಾವಾಗ ಖಾಲಿ ಮಾಡುತ್ತೀಯೆ?” ಎಂದು ಕೇಳುತ್ತಿದ್ದೆ. ಅವನ ದನಿ ದೊಡ್ಡದಾದದ್ದು ಈ ಜಗಳದಿಂದಲೂ ಇರಬಹುದೆಂದು ಆಗ ಹೊಳೆಯಿತು.

ನಾಲ್ಕನೆಯ ವಾರ ಯೋಚನೆಗಳ ಲೆಕ್ಕ. ಸದ್ದು ಹೆಚ್ಚು ಕಾಡಿದ ಗಳಿಗೆಯಲ್ಲಿ ಬಂದ ಯೋಚನೆ ಒಂದು ಕಲಮಿನಲ್ಲಿ, ಅದಕ್ಕೆ ಪುರಾವೆ ಇನ್ನೊಂದರಲ್ಲಿ. ನನಗೆ ಉತ್ಸಾಹ ಬಂತು. ‘ಇವತ್ತೂ ನಿದ್ದೆ ಬರುವುದಿಲ್ಲ’ ಎಂಬುದಕ್ಕೆ ವೋಚರ್ ಎಲ್ಲಿ? ನಿನ್ನೆ ನಾಲ್ಕು ಗಂಟೆ ಮಲಗಿದ್ದೆ. ಆಕ್ಷೇಪಣೆ. ‘ಸಂಗೀತ ಇನ್ನು ಮುಗಿಯಿತು’ ಎಂಬುದಕ್ಕೆ ವೋಚರ್? ಹೋಗಿ ನೋಡಿಯೇ ಇಲ್ಲ. ಆಕ್ಷೇಪಣೆ. ಹೀಗೆ ನನ್ನ ತಲೆಯ ಖರ್ಚುಗಳನ್ನೆಲ್ಲ ನಾನೇ ತಳ್ಳಿಹಾಕುತ್ತ ಹೋದೆ.

ಒಂದು ಮಾತ್ರ ಹಾಗೆ ತಳ್ಳಲಾಗಲಿಲ್ಲ. ರಾತ್ರಿ ಎರಡು ಗಂಟೆಯಲ್ಲಿ ಕೈ ತಾನಾಗಿ ಬರೆದಿತ್ತು: ‘ನಾನೂ ಅಪ್ಪನ ಹಾಗೇ ಆಗುತ್ತೇನೆ.’

ನಮ್ಮ ತಂದೆ ತಿಪಟೂರಿನ ಕಡೆ ಒಂದು ಅಕ್ಕಿ ಗಿರಣಿಯಲ್ಲಿ ಬಹಳ ಕಾಲ ಗುಮಾಸ್ತರಾಗಿದ್ದರು. ಕೊನೆಗಾಲಕ್ಕೆ ಕಿವಿ ಮಂದವಾಯಿತು. ರಾತ್ರಿ ಜಗಲಿಯ ಮೇಲೆ ಕೂತು, ತಲೆಯನ್ನು ಒಂದು ಕಡೆಗೆ ವಾಲಿಸಿ, “ಗಿರಣಿ ಇನ್ನೂ ನಿಂತಿಲ್ಲವೇನೋ?” ಎಂದು ಕೇಳುತ್ತಿದ್ದರು. ಗಿರಣಿ ಮುಚ್ಚಿ ಆಗಲೇ ಹತ್ತು ವರ್ಷವಾಗಿತ್ತು. ನಾವು ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಿದ್ದೆವು. ಅಪ್ಪನಿಗೆ ಅರುಳುಮರುಳು ಎಂದೆವು. ಸ್ವಲ್ಪ ದಿನಕ್ಕೆ ಅವರು ಕೇಳುವುದನ್ನು ಬಿಟ್ಟರು. ಆಮೇಲೆ ಮಾತಾಡುವುದನ್ನೂ ಬಿಟ್ಟರು. ಅರುಳುಮರುಳು ಅಲ್ಲವೆಂಬುದು ನನಗೆ ಗೊತ್ತಾದದ್ದು ಅವರು ತೀರಿಕೊಂಡು ಇಪ್ಪತ್ತೇಳು ವರ್ಷವಾದ ಮೇಲೆ, ಕಂಪ್ಯೂಟರಿನ ಮುಂದೆ ಕೂತಾಗ.

ಇದನ್ನೆಲ್ಲ ಬರೆದು ಕಳಿಸಿದೆ. ನನ್ನ ಮಗಳಿಗಿಂತ ಚಿಕ್ಕವಳಿರಬಹುದಾದ ಆಕೆ ಸಮಾಧಾನದ ಮಾತೇನೂ ಹೇಳಲಿಲ್ಲ. ಎರಡು ಪ್ರಶ್ನೆ ಕೇಳಿದಳು. ‘ಸರ್, ನಿಮ್ಮ ತಂದೆಯನ್ನು ಮಾತಿನಿಂದ ದೂರ ಮಾಡಿದ್ದು ಸದ್ದೆ, ಬೇರೆ ಏನಾದರೂ ಇತ್ತೆ? ಈಗ ಅವರು ಎದುರಿಗೆ ಕೂತು ಅದೇ ಪ್ರಶ್ನೆ ಕೇಳಿದರೆ ಏನು ಹೇಳುತ್ತೀರಿ?’

ಉತ್ತರ ಬರೆಯಲು ನನಗೆ ಮೂರು ದಿನ ಬೇಕಾಯಿತು. ಬರೆದದ್ದು ಇಷ್ಟೆ: ‘ಅಪ್ಪ, ಆ ಸದ್ದು ನಿಜ. ನನಗೂ ಕೇಳಿಸುತ್ತಿದೆ.’ ಅಷ್ಟು ಬರೆದ ಮೇಲೆ ಪುರಾವೆಯ ಕಲಮು ತಾನಾಗಿ ತುಂಬಿತು. ಅವರ ಮಾತನ್ನು ಯಾರೂ ನಂಬಲಿಲ್ಲ. ನನ್ನನ್ನು ನಂಬಿದ ಹೆಂಡತಿ ಇದ್ದಾಳೆ, ಮಗಳಿದ್ದಾಳೆ. ಅವರಿಗೆ ಶ್ರವಣಯಂತ್ರವನ್ನು ನಾವು ಕೊಡಿಸಲಿಲ್ಲ; ನನ್ನದು ಡಾಕ್ಟರು ಹೇಳಿದರೂ ನಾನೇ ಕೊಳ್ಳದೆ ಇದ್ದೆ. ಮರುವಾರವೇ ಹೋಗಿ ಕೊಂಡೆ. ತಂದೆಯ ಲೆಕ್ಕದಲ್ಲಿ ನನ್ನ ಬಾಕಿ ಹಾಗೆಯೇ ಉಳಿದಿದೆ. ಅದಕ್ಕೆ ಯಾವ ಪಾಠಕ್ರಮದಲ್ಲೂ ಮನ್ನಾ ಇಲ್ಲ. ಆದರೆ ಆ ಬಾಕಿಯನ್ನು ನಾನು ಭವಿಷ್ಯವೆಂದು ಓದಿಕೊಂಡಿದ್ದೆ. ಆ ತಪ್ಪನ್ನು ತಿದ್ದಿದೆ.

ಆರನೆಯ ವಾರದ ಅಭ್ಯಾಸ ವಿಚಿತ್ರವಾಗಿತ್ತು: ದಿನಕ್ಕೆ ಹತ್ತು ನಿಮಿಷ ಫ್ಯಾನು, ರೇಡಿಯೋ ಎಲ್ಲ ಆರಿಸಿ ಆ ಸದ್ದನ್ನೇ ಕೇಳುತ್ತ ಕೂರಬೇಕು. ಮೊದಲ ದಿನ ಕೈ ಬೆವರಿತು. ನಾಲ್ಕನೆಯ ದಿನ ಬೇಸರ ಬಂತು. ಹೆದರಿದ ವಸ್ತುವಿನ ಬಗ್ಗೆ ಬೇಸರ ಬರುವುದು ಎಂಥ ಭಾಗ್ಯವೆಂಬುದು ಅನುಭವಿಸಿದವರಿಗೇ ಗೊತ್ತು.

ಎಂಟು ವಾರ ಮುಗಿದಾಗ ಅದೇ 25 ಪ್ರಶ್ನೆಗಳಿಗೆ 24 ಅಂಕ ಬಂತು. ಜನ್ಮದಲ್ಲಿ ಮೊದಲ ಸಲ ನಪಾಸಾಗಿ ಸಂತೋಷಪಟ್ಟೆ. ಸದ್ದು ಕಡಿಮೆಯಾಯಿತೆ ಎಂದು ಕೇಳಿದರೆ, ಇಲ್ಲ. ಕೆಲವು ದಿನ ಹಿಂದಿನಂತೆಯೇ ಕಾಡುವುದೂ ಉಂಟು. ಆದರೆ ಹಾಸಿಗೆ ನಡುಮನೆಯಿಂದ ವಾಪಸು ಬಂದಿದೆ, ರಾಮನವಮಿಯ ಕಚೇರಿಗೆ ಹಿಂದಿನ ಸಾಲಿನಲ್ಲಿ ಕೂತು ಬಂದಿದ್ದೇನೆ.

ಮೊನ್ನೆ ರಾತ್ರಿ ಮತ್ತೆ ಕರೆಂಟು ಹೋಯಿತು. ಕತ್ತಲೆಯಲ್ಲಿ ನನ್ನಾಕೆ, “ಈಗ ಕೇಳಿಸ್ತಿದೆಯೇನ್ರಿ?” ಎಂದಳು. ನಾನು ಸ್ವಲ್ಪ ಹುಡುಕಬೇಕಾಯಿತು.

“ಹ್ಞೂಂ. ಗಿರಣಿ ನಡೀತಾ ಇದೆ” ಎಂದು ಹೇಳಿ ಮಗ್ಗುಲು ಬದಲಿಸಿದೆ.