ಲಾರಿ ಮ್ಯಾಲ ಶ್ರೀಶೈಲಕ್ಕ

ಶ್ರೀಶೈಲಕ್ಕ ಲಾರಿ ಮ್ಯಾಲ ಹೋಗಿ ಬಂದದ್ದು ಬರಿ ಬರಿ ಅಂತ ಕಮಲಾಪುರದ ನಮ್ಮಕ್ಕ ಭಾಳ ದಿನದಿಂದ ಬೆನ್ನು ಹತ್ಯಾಳ. ಹೊಸ ಸೊಸ್ತೇರಿಗಿ ಗೊತ್ತಾಗಲಿ, ನಾವು ಬರೀ ಒಲಿ ಮುಂದ ಕುಂತಾವ್ರಲ್ಲ ಅಂತ ಆಕಿ ಮಾತು. ಆಕಿ ಹೇಳಿದ್ದಕ್ಕ ಬರ್ಯಾಕತ್ತೀನಿ. ಉದ್ದ ಆದ್ರ ಚಾ ಕುಡಕೋತ ಓದ್ರಿ.

2019ರ ಯುಗಾದಿ ಏಪ್ರಿಲ್ 6ಕ್ಕ ಬಂದಿತ್ತು. ನಾವು ಏಪ್ರಿಲ್ 1, ಸೋಮವಾರ ಮುಂಜಾನಿ ಮೋಮಿನಪುರ ಬಿಟ್ಟೇವು. ಹೆಣ್ಣಮಕ್ಕಳು ಒಂಬತ್ತು ಮಂದಿ. ಗಂಡಸ್ರು ನಮ್ಮ ಮನಿಯವರು, ಓಣಿ ಕಾಕಾ ಒಬ್ರು, ಮತ್ತ ಡ್ರೈವರ್. ಡ್ರೈವರ್ ಅಂದ್ರ ಬ್ಯಾರೆ ಯಾರಲ್ಲ, ನಮ್ಮ ಹಿಂದಿನ ಸಂದಿ ಹುಡುಗ. ವರ್ಷಪೂರ್ತಿ ಶಹಾಬಾದದಿಂದ ಪರಸಿ ಕಲ್ಲು ಹೇರತಿದ್ದ. ಗಂಡಸ್ರು ಮೂರೂ ಮಂದಿ ಮುಂದ, ನಾವು ಹಿಂದ. ಒಂದಾಳು ಎತ್ತರ ಅದ, ಹತ್ತಲಾಕ ಮನಿ ನಿಚ್ಚಣಿಕಿನೇ ತಗೊಂಡು ಹೋಗಿದ್ದೇವು.

ಯುಗಾದಿಗೇ ಯಾಕ ಅಂದ್ರ, ನಮ್ಮ ಕಡಿ ಮಂದಿಗಿ ಶ್ರೀಶೈಲದ ಭ್ರಮರಾಂಬ ಮನಿ ಮಗಳು, ಮಲ್ಲಯ್ಯ ಅಳಿಯ. ವರ್ಷಕ್ಕೊಮ್ಮಿ ಮಗಳಿಗಿ ಸೀರಿ, ಖಣ, ಅರಿಶಿಣ ಕುಂಕುಮ, ಬಳಿ ಒಯ್ಯಬೇಕು. ಅದಕ್ಕೇ ಯುಗಾದಿ ಮುಂದ ಅಲ್ಲಿ ನೋಡ್ರಿ, ಊರು ಆಂಧ್ರದ್ದು, ಮಾತೆಲ್ಲ ನಮ್ಮದು. ಕೆಲವರು ಕಂಬಿ ಹೊತ್ತು ನಡಕೋತ ಹೋಗ್ತಾರ, ಕೆಲವರು ಮರಗಾಲು ಕಟ್ಟಿಕೊಂಡು ಹೋಗ್ತಾರ. ನಮ್ಮ ಮೊಣಕಾಲಿಗಿ ಲಾರಿನೇ ಸೈ.

ಲಾರಿ ತೊಳದು, ತಳಕ್ಕ ಕಣಕಿ ಹಾಸಿ, ಮ್ಯಾಲ ತಾಡಪತ್ರಿ, ಅದರ ಮ್ಯಾಲ ಕೌದಿ ಹಾಕಿದೇವು. ನೆರಳಿಗಿ ಬಿದಿರು ಬಗ್ಗಿಸಿ ಇನ್ನೊಂದು ತಾಡಪತ್ರಿ ಕಟ್ಟಿದ್ರು. ನೀಲಿ ಡ್ರಮ್ಮಿನ್ಯಾಗ 200 ಲೀಟರ್ ನೀರು. ಮನಿಗಿ 30ರಂಗ 270 ಖಡಕ್ ರೊಟ್ಟಿ. ಶೇಂಗಾ ಹಿಂಡಿ, ಪುಂಡಿಪಲ್ಯ, ಒಂದು ಡಬ್ಬಿ ಮಾದಲಿ, ಅಕ್ಕಿ, ತೊಗರಿ ಬ್ಯಾಳಿ, ಉಳ್ಳಾಗಡ್ಡಿ, ಸಣ್ಣ ಗ್ಯಾಸ್ ಸಿಲಿಂಡರ್ ಒಂದು. ಮಗಳಿಗಿ ಅಂತ ಮಂದಿಗಿ 100 ರೂಪಾಯಿ ಕೂಡಿಸಿ ಒಂದು ಇಳಕಲ್ ಸೀರಿ ತಂದಿದ್ದೇವು.

ಕಟ್ಟಿಸಂಗಾವಿ ಸೇತುವಿ ಮ್ಯಾಲ ಭೀಮಾ ದಾಟೇವು. ಬ್ಯಾಸಿಗಿ, ನದಿಯೊಳಗ ನೀರಿಗಿಂತ ಉಸುಕೇ ಹೆಚ್ಚು. ಜೇವರ್ಗಿ, ಶಹಾಪುರ ಆದ ಮ್ಯಾಲ ಹೂವಿನಹೆಡಗಿ ಹತ್ರ ಕೃಷ್ಣಾ. ದೇವದುರ್ಗದ ಈಚೆ ಬೇವಿನ ಗಿಡದ ಕೆಳಗ ರೊಟ್ಟಿ ಬಿಚ್ಚಿದೇವು. ಬಿಸಲು ಅಂದ್ರ ಬಿಸಲು. ಲಾರಿ ಕಬ್ಬಿಣ ಮುಟ್ಟಿದ್ರ ಕೈ ಸುಡತಿತ್ತು. ಒದ್ದಿ ಟಾವೆಲ್ ತಲಿ ಮ್ಯಾಲ ಹಾಕ್ಕೊಂಡು ಕುಂತೇವು. ರಾಯಚೂರ ದಾಟಿ ರಸ್ತಿ ಬದಿ ಹನುಮಪ್ಪನ ಗುಡಿ ಕಟ್ಟಿ ಹತ್ರ ಮೊದಲನೇ ರಾತ್ರಿ ನಿಂತೇವು.

ಹೆಣ್ಣಮಕ್ಕಳ ಕಷ್ಟ ನಿಮಗ ಹೇಳಬೇಕೇನು? ಮುಂಜಾನಿ ನಾಕಕ್ಕ ಎದ್ದು, ಇಬ್ಬರು ಸೀರಿ ಮರಿ ಹಿಡೀಬೇಕು, ಒಬ್ಬಾಕಿ ಬ್ಯಾಟರಿ ಹಿಡೀಬೇಕು. ಹಗಲಿನ್ಯಾಗ ಪೆಟ್ರೋಲ್ ಬಂಕ್ ಕಂಡಲ್ಲೆಲ್ಲ ಗಾಡಿ ನಿಂದ್ರಸೋದು. ಡ್ರೈವರ್ ಹುಡುಗ ಒಮ್ಮಿನೂ ಬ್ಯಾಸರ ಮಾಡಕೊಳ್ಳಲಿಲ್ಲ. ನಾವು ಹೇಳೋಕಿಂತ ಮೊದಲ ತಾನೇ ಬಂಕ್ ನೋಡಿ ಹಾರ್ನ್ ಹೊಡೀತಿದ್ದ.

ಮೊದಲನೇ ಸಂಜಿ ಏನಾಯ್ತು ಅಂದ್ರ, ಲಾರಿ ನಿಂತದ್ದೇ ತಡ, ಒಂಬತ್ತೂ ಮಂದಿ ಒಲಿ ಕಡಿಗೇ ಓಡಿದೇವು. ಒಬ್ಬಾಕಿ ಉಳ್ಳಾಗಡ್ಡಿ ಹೆಚ್ಚತಾಳ, ಇನ್ನೊಬ್ಬಾಕಿ ಆಕಿ ಕೈಯಿಂದ ಕಸಗೋತಾಳ. ನಮ್ಮೊಳಗ ಎಲ್ಲರಿಗಿಂತ ಹಿರೇಕಿ ದೊಡ್ಡವ್ವ, ಎಪ್ಪತ್ತು ದಾಟ್ಯಾವ ಆಕಿಗಿ. ಆಕಿ ನಿಚ್ಚಣಿಕಿ ಮ್ಯಾಲ ಕುಂತು, "ಮನಿಯಾಗ ಮಾಡಿದ್ದು ಸಾಕಾಗಿಲ್ಲೇನ್ರೇ? ಇಲ್ಲಿ ಪಾಳಿ" ಅಂದ್ಳು. ಇಬ್ಬರು ಅಡಗಿ, ಇಬ್ಬರು ಭಾಂಡಿ, ಒಬ್ಬಾಕಿ ನೀರು, ಒಬ್ಬಾಕಿ ಸಾಮಾನು ಕಾಯೋದು, ಇಬ್ಬರು ಹಾಸಿಗಿ. ಒಂಬತ್ತನೇದಾಕಿ? "ಆಕಿ ಸುಮ್ನ ಕೂಡೋದು. ಅದೂ ಒಂದು ಪಾಳಿ."

ಎಲ್ಲಾ ಕೆಲಸಕ್ಕಿಂತ ಆ ಪಾಳಿನೇ ತ್ರಾಸ ಆಯ್ತು ನಮಗ! ಮದಲ ನನ್ನ ಪಾಳಿ ಬಂತು. ಕೈ ಎಲ್ಲಿ ಇಡಬೇಕು ತಿಳೀವಲ್ದು. ಬ್ಯಾರೆಯವರು ಮಾಡಿದ ಬ್ಯಾಳಿ ಬಿಸಿಬಿಸಿ ಇದ್ದಾಗನೇ ಉಂಡೆ. ಮದುವಿಯಾಗಿ ಮೂವತ್ತು ವರ್ಷದಾಗ ನಾ ಹಂಗ ಉಂಡದ್ದು ನೆಪ್ಪಿಲ್ಲ.

ಮೊನ್ನಿ ನನ್ನ ತಂಗಿ ಮಗಳು, ಬೆಂಗಳೂರಾಗ ನೌಕರಿ ಮಾಡಾಕಿ, ಗೆಳತ್ಯಾರ ಜೋಡಿ ಆಫ್ರಿಕಾಕ್ಕ ಹೋಗಿ ಬಂದು ಫೋಟೋ ತೋರಸಿದ್ಳು. ಕೇಪ್‌ಟೌನದಿಂದ ನಮೀಬಿಯಾ, ಬೋಟ್ಸ್ವಾನಾ ಹಾದು ವಿಕ್ಟೋರಿಯಾ ಜಲಪಾತದ ತನ ಸುಮಾರು 20 ದಿನ, ದೊಡ್ಡ ಟ್ರಕ್ಕಿನ್ಯಾಗ. ರಾತ್ರಿ ಡೇರೆ ಹೊಡೀಬೇಕು, ಅಡಗಿ ಭಾಂಡಿ ಎಲ್ಲಾ ಪಾಳಿ ಪ್ರಕಾರ ಅಂತ. ಆನಿ, ಜಿರಾಫ ನೋಡಿ ನಾ ಹೌಹಾರಿದೆ, ಆದ್ರ ಪಾಳಿ ಸುದ್ದಿ ಕೇಳಿ ನಗು ಬಂತು. "ಅದರಾಗ ಸುಮ್ನ ಕೂಡೋ ಪಾಳಿ ಇತ್ತೇನ?" ಅಂದೆ. ಇರಲಿಲ್ಲಂತ.

ಎರಡನೇ ದಿನ ಕರ್ನೂಲಿನ್ಯಾಗ ತುಂಗಭದ್ರಾ ದಾಟೇವು. ಆಂಧ್ರದಾಗ ಏಪ್ರಿಲ್ 11ಕ್ಕ ಎಲೆಕ್ಷನ್ ಇತ್ತು, ಅದಕ್ಕ ಅಲ್ಲಲ್ಲಿ ಚೆಕ್ ಪೋಸ್ಟ್. ರೊಕ್ಕ ಅದಾವೇನಂತ ಅಕ್ಕಿ ಚೀಲದಾಗ ಕೈ ಹಾಕಿ ನೋಡಿದ್ರು. ಮಾದಲಿ ಡಬ್ಬಿ ತೆಗದವರಿಗಿ ದೊಡ್ಡವ್ವ ಒಂದೊಂದು ಮುಟಗಿ ಕೊಟ್ಟೇ ಕಳಿಸಿದ್ಳು. ನಂದಿಕೊಟ್ಕೂರ, ಆತ್ಮಕೂರ ಆದ ಮ್ಯಾಲ ನಲ್ಲಮಲ ಕಾಡು ಸುರು. ಹುಲಿ ಇರೋ ಕಾಡು ಅದು. ದೋರ್ನಾಲದಿಂದ ಮುಂದ ರಾತ್ರಿ 9ರಿಂದ ಮುಂಜಾನಿ 6ರ ತನ ಗಾಡಿ ಬಿಡಂಗಿಲ್ಲ ಅಂತ ಗೊತ್ತಿತ್ತು. ಅದಕ್ಕ ಸಂಜಿಮುಂದನೇ ದೋರ್ನಾಲದಾಗ ನಿಂತೇವು. ನಮ್ಮಂಥಾ ಲಾರಿ, ಟ್ರ್ಯಾಕ್ಟರ್ ಸಾಲಕ ಸಾಲು. ವಿಜಯಪುರದವರು, ಬಾಗಲಕೋಟಿಯವರು, ಸೋಲಾಪುರದವರು, ಎಲ್ಲಾರ ಒಲಿ ಹೊಗಿ ಒಂದೇ ಆಗಿತ್ತು. ಹಿಂಡಿ ಕೊಟ್ಟು ಅಗಸಿ ಚಟ್ನಿ ಇಸ್ಕೊಂಡೇವು.

ಇನ್ನ ಖರೆ ಹೇಳಬೇಕಾದ ಮಾತು.

ನಮ್ಮ ಜೋಡಿ ಹಿಂದಿನ ಮನಿ ವೈನಿ ಬಂದಿದ್ರು. ಅವ್ರ ಯಜಮಾನ್ರು ಹೋಗಿ ಎರಡು ವರ್ಷ ಆಗಿತ್ತು. ಅಂದಿನಿಂದ ಯಾರ ಮನಿ ಕಾರ್ಯಕ್ಕ ಹೋದ್ರೂ ಹಿಂದಿನ ಸಾಲಿನ್ಯಾಗೇ ಕೂಡೋರು. ಇಬ್ಬರು ಹೆಣ್ಣಮಕ್ಕಳಿಗೂ ಮದುವಿ ಆಗ್ಯಾದ. ಮಕ್ಕಳು ತವರಿಗಿ ಬಂದ್ರ ಉಡಿ ತುಂಬಲಾಕ ನೆಗೆಣ್ಣಿನ್ನ ಕರೀತಿದ್ರು, ತಾವು ಅಡಗಿ ಮನಿ ಬಾಗಲದಾಗ ನಿಂತು ನೋಡತಿದ್ರು. ಲಾರಿಯೊಳಗೂ ಮೊದಲನೇ ದಿನ ಹಿಂದಿನ ಮೂಲಿಯೊಳಗೇ ಕುಂತ್ರು. ಆದ್ರ ಪಾಳಿ ಯಾರನ್ನೂ ಬಿಡಲಿಲ್ಲ. ವೈನಿ ಮಾಡಿದ ಸಾರು ಉಂಡೇವು, ವೈನಿ ಹಾಸಿದ ಹಾಸಿಗಿ ಮ್ಯಾಲ ಮಲಗಿದೇವು, ಅವ್ರೂ ಒಂದು ಹೊತ್ತು ಸುಮ್ನ ಕುಂತು ನಮ್ಮ ಕೈಯಿಂದ ಉಂಡ್ರು.

ದೋರ್ನಾಲ ಇನ್ನೂ ಮುಂದ ಇತ್ತು, ರಸ್ತಿ ತಗ್ಗಿನ್ಯಾಗ ಲಾರಿ ಜಿಗದು ಡ್ರಮ್ಮಿನ ಮುಚ್ಚಳ ಹಾರಿ ನೀರು ಹರೀತು. ದೇವಿ ಸೀರಿ ಗಂಟು ಇದ್ದ ಕಡಿಗೇ ಹೊಂಟಿತು ನೀರು. ಹತ್ರ ಇದ್ದಾವ್ರು ವೈನಿ. ಗಕ್ಕನ ಗಂಟು ಎತ್ತಿ ತೊಡಿ ಮ್ಯಾಲ ಇಟ್ಕೊಂಡ್ರು. ಶ್ರೀಶೈಲ ಬರೋತನ ಕೆಳಗ ಇಡಲಿಲ್ಲ. ರಾತ್ರಿ ತಲಿದಿಂಬಿನ ಹತ್ರ ಇಟ್ಕೊಂಡೇ ಮಲಗಿದ್ರು. ಆವಾಗ ಯಾರೂ ಏನೂ ಅನಲಿಲ್ಲ.

ಏಪ್ರಿಲ್ 3ಕ್ಕ ಮುಂಜಾನಿ ಘಾಟ್ ಹತ್ತಿ ಸಾಕ್ಷಿ ಗಣಪತಿಗಿ ಕೈ ಮುಗದು ಊರು ಮುಟ್ಟಿದೇವು. ಪಾತಾಳಗಂಗಿಗಿ ಮೆಟ್ಟಲ ಭಾಳ, ದೊಡ್ಡವ್ವನ್ನ ರೋಪ್ ವೇ ಮ್ಯಾಲ ಕರಕೊಂಡು ಹೋದೇವು. ಅಲ್ಲಿ ಹರಿಯೋದು ಕೃಷ್ಣಾ. ನಮ್ಮ ಭೀಮಾ ರಾಯಚೂರ ಕಡಿ ಆಕಿನ್ನ ಕೂಡತಾಳ, ತುಂಗಭದ್ರಾ ಕರ್ನೂಲಿನ ಕೆಳಗ ಕೂಡತಾಳ. ಎರಡು ದಿನ ನಾವು ದಾಟಕೋತ ಬಂದ ಮೂರೂ ಹೊಳಿ ನೀರು ಅಲ್ಲಿ ಒಂದೇ ಕಡಿ. "ಅಂದ್ರ ಕಟ್ಟಿಸಂಗಾವಿ ನೀರೇ ಜಳಕ ಮಾಡ್ಲಾಕ ಇಷ್ಟು ದೂರ ಬಂದೇವು?" ಅಂತ ಕಾಕಾ ನಗ್ಯಾಡಿದ್ರು.

ಮರುದಿನ ಸೀರಿ ಒಪ್ಪಸಲಾಕ ಸಾಲಿನ್ಯಾಗ ನಿಂತಾಗ ನಮ್ಮೊಳಗೇ ಒಬ್ಬಾಕಿ ಸಣ್ಣ ದನಿಲೇ ಅಂದ್ಳು, "ಗಂಟು ಇನ್ನ ಮುತ್ತೈದಿ ಕೈಯಾಗ ಕೊಡ್ರಿ." ವೈನಿ ಮುಖ ಸಣ್ಣದಾಯ್ತು. ಕೊಡಲಾಕ ಕೈ ಮುಂದ ಮಾಡಿದ್ರು. ದೊಡ್ಡವ್ವ ಆ ಕೈ ಹಿಡದ್ಳು. "ಭ್ರಮರಾಂಬ ನಮ್ಮ ಮಗಳು ಅಂತೀರಿ. ತವರಾಗ ಅಪ್ಪ ಸತ್ತಿದ್ರ ಅವ್ವ ಮಗಳಿಗಿ ಸೀರಿ ತರಂಗಿಲ್ಲೇನು? ಅವ್ವಗ ಇಲ್ಲದ ಹಕ್ಕು ಮತ್ಯಾರಿಗದ?" ಅಂದ್ಳು. ಸಾಲಿನ್ಯಾಗ ಹಿಂದ ಮುಂದ ಇದ್ದವರೆಲ್ಲ ತಿರಗಿ ನೋಡಿದ್ರು. ಅಂದಾಕಿ ಮತ್ತೇನೂ ಅನಲಿಲ್ಲ. ಆಕಿಗಿ ಇವತ್ತಿಗೂ ಅದು ಪೂರ್ತಿ ಒಪ್ಪಿಲ್ಲ, ಅದನ್ನೂ ಬರದು ಇಡ್ತೀನಿ. ಆದ್ರ ಸೀರಿ ಒಪ್ಪಿಸಿದ್ದು ವೈನಿ ಕೈಯೇ.

ಮೋಮಿನಪುರದಾಗ ಇದ್ದಿದ್ರ ಇದು ಆಗತಿತ್ತೇನು ಅಂತ ನಾ ಭಾಳ ವಿಚಾರ ಮಾಡೀನಿ. ಮನಿಯಾಗ ಎಲ್ಲಾರಿಗೂ ಜಾಗ ಗೊತ್ತು ಇರ್ತದ, ಯಾರು ಮುಂದ, ಯಾರು ಬಾಗಲ ಹಿಂದ ಅಂತ. ಲಾರಿಯೊಳಗ ಜಾಗನೇ ಇರಲಿಲ್ಲ, ತೊಡಿಗಿ ತೊಡಿ ಹಚ್ಚಿ ಕುಂತಿದ್ದೇವು. ಮೂರು ದಿನ ಹಂಗ ಕುಂತ ಮ್ಯಾಲ ದೊಡ್ಡವ್ವನ ಮಾತಿಗಿ ಎದುರಾಡಲಾಕ ಯಾರಿಗೂ ಬಾಯಿ ಬರಲಿಲ್ಲ.

ಅಮಾಸಿ ದಿನ ಸಂಜಿಗಿ ಮನಿ ಮುಟ್ಟಿದೇವು, ಮರುದಿನ ಬೇವು ಕಲಸಬೇಕಲ್ಲ. ಆ ವರ್ಷ ಪಂಚಮಿಗಿ ಮಕ್ಕಳು ಬಂದಾಗ ವೈನಿ ಯಾರಿಗೂ ಕರೀಲಿಲ್ಲ. ತಾವೇ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಿಡದು ಇಬ್ಬರಿಗೂ ಉಡಿ ತುಂಬಿದ್ರು. ಹಿರೇ ಮಗಳು ಅತ್ತದ್ದು ನಮ್ಮ ಮನಿ ತನ ಕೇಳಸ್ತು.

ಮುಂದಿನ ಯುಗಾದಿ 2020ರ ಮಾರ್ಚ್ 25. ಅದೇ ದಿನ ದೇಶದ ಲಾಕ್‌ಡೌನ್ ಸುರು ಆಯ್ತು. ಅಲ್ಲಿಂದ ಲಾರಿ ನಿಂತದ್ದು ನಿಂತೇ ಹೋಯ್ತು. ಈಗ ಮತ್ತ ಹೋಗಬೇಕಂತ ಮಾತು ನಡದದ. ಮಕ್ಕಳು ಲಾರಿ ಬ್ಯಾಡ ಅಂತಾರ. ಸರಕಿನ ಗಾಡಿಯೊಳಗ ಮಂದಿ ಕೂಡಸೋದು ಕಾಯ್ದೆಕ್ಕ ವಿರುದ್ಧ, ಏನರೆ ಆದ್ರ ವಿಮಾ ಸಿಗೋದೂ ಕಷ್ಟ. ಅವ್ರು ಹೇಳೋದು ಖರೆ ಅದ. ಸಣ್ಣ ಬಸ್ ಮಾಡಾಮು. ಆದ್ರ ಹೋಟೆಲ್ ಊಟ, ಲಾಡ್ಜ್ ರೂಮ್ ಅಂದ್ರ ನಾ ಒಲ್ಲೆ. ಒಲಿ ಬರ್ತದ, ಕೌದಿ ಬರ್ತಾವ, ಪಾಳಿ ಬರ್ತದ. ಹೊಸ ಸೊಸ್ತೇರು ಬಂದ್ರ ಅವ್ರಿಗೇ ಮೊದಲ ಸುಮ್ನ ಕೂಡೋ ಪಾಳಿ.

ಬರಾಕ್ಕಿ ಇದ್ದಾವ್ರು ಮನಿಗಿ 30 ಖಡಕ್ ರೊಟ್ಟಿ ಮಾಡಿ ಇಡ್ರಿ, ಒಂದು ಬ್ಯಾಟರಿ, ಎರಡು ಹಳೀ ಸೀರಿ ಮರಿಗಿ ತರ್ರಿ. ಡ್ರಮ್ಮಿನ ಮುಚ್ಚಳಕ್ಕ ಹಗ್ಗ ಕಟ್ಟಾಮು. ದೇವಿ ಸೀರಿ ಈ ಸಲ ವೈನಿ ಟ್ರಂಕಿನ್ಯಾಗ ಅದ. ಮಂದಿಗಿ 100 ರೂಪಾಯಿ, ಇನ್ನೂ ಕೊಡದಾವ್ರು ಅವ್ರ ಮನಿಗೇ ಹೋಗಿ ಕೊಡ್ರಿ.