ಒಂದು ವಾರದ ಲೆಕ್ಕ

ಮ್ಯಾಂಚೆಸ್ಟರಿನ ದಕ್ಷಿಣದ ಡಿಡ್ಸ್‌ಬರಿಯಲ್ಲಿ ನನ್ನ ಬಾಡಿಗೆ ಮನೆ. ಅಲ್ಲಿ ವಿಲ್ಮ್‌ಸ್ಲೋ ರಸ್ತೆಯ ಪಕ್ಕ ಒಂದು ಪುಟ್ಟ ಗಡಿಯಾರದ ಗೋಪುರವಿದೆ. ಬಡವರಿಗಾಗಿ ದುಡಿದ ಮಿಲ್ಸನ್ ರೋಡ್ಸ್ ಎಂಬ ಡಾಕ್ಟರ ನೆನಪಿಗೆ 1910ರಲ್ಲಿ ಕಟ್ಟಿದ್ದು. ಎರಡು ವರ್ಷ ಅದರ ಮುಂದೆಯೇ ಓಡಾಡಿದರೂ ಅಲ್ಲಿ ಯಾಕಿದೆ ಅಂತ ನಾನು ಯೋಚಿಸಿರಲಿಲ್ಲ.

ಅಪ್ಪ ರೈಲ್ವೆಯಲ್ಲಿ ಬುಕಿಂಗ್ ಕ್ಲರ್ಕ್ ಆಗಿದ್ದವರು. ಕಳೆದ ಬೇಸಿಗೆಯಲ್ಲಿ ಬಂದಾಗ ಗೋಪುರದ ಮುಂದೆ ನಿಂತು, "ಇದು ಸ್ಟೇಷನ್ ಅಂಗಳ ಇದ್ದಂಗಿದೆ ಕಣೋ. ಸ್ಟೇಷನ್ ಎಲ್ಲಿ?" ಅಂದರು. ಫೋನ್ ತೆಗೆದು ಹುಡುಕಿದೆ. ಸರಿಯಾಗಿಯೇ ಹೇಳಿದ್ದರು.

1880ರ ಜನವರಿ 1ರಂದು ಶುರುವಾದ ಸ್ಟೇಷನ್ ಅದು, ಮಿಡ್ಲೆಂಡ್ ರೈಲ್ವೆಯದ್ದು. ಇಲ್ಲಿನ ಜನ ಬೆಳಿಗ್ಗೆ ರೈಲು ಹತ್ತಿ ಮ್ಯಾಂಚೆಸ್ಟರ್ ಸೆಂಟ್ರಲ್‌ಗೆ ಹೋಗಿ, ಸಂಜೆ ವಾಪಸ್ ಬರುತ್ತಿದ್ದರು. 1967ರ ಜನವರಿ 2ಕ್ಕೆ ಮುಚ್ಚಿತು. ಈಗ ಕಟ್ಟಡವೂ ಇಲ್ಲ.

ಆಗ ಬ್ರಿಟನ್ ತುಂಬಾ ಇದೇ ಕಥೆ. ಜನ ಕಾರು ಕೊಳ್ಳುತ್ತಿದ್ದರು, ರೈಲ್ವೆ ವರ್ಷಕ್ಕೆ ಹತ್ತು ಕೋಟಿ ಪೌಂಡಿಗೂ ಹೆಚ್ಚು ಕಳೆದುಕೊಳ್ಳುತ್ತಿತ್ತು. ರೈಲ್ವೆ ಮುಖ್ಯಸ್ಥ ರಿಚರ್ಡ್ ಬೀಚಿಂಗ್ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದ್ದವರು. 1963ರ ವರದಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸ್ಟೇಷನ್ ಮುಚ್ಚಬೇಕು ಅಂದರು. ಪ್ರಯಾಣಿಕರ ಲೆಕ್ಕ ತೆಗೆದುಕೊಂಡದ್ದು 1961ರ ಏಪ್ರಿಲ್‌ನ ಒಂದು ವಾರದ್ದು.

"ಒಂದೇ ವಾರನಾ?" ಅಪ್ಪನಿಗೆ ನಂಬಿಕೆ ಬರಲಿಲ್ಲ. "ಜಾತ್ರೆ ವಾರ ಬೇರೆ, ಮಳೆಗಾಲದ ವಾರ ಬೇರೆ. ಕೌಂಟರಿನಲ್ಲಿ ಕೂತಿದ್ದ ಯಾರನ್ನಾದರೂ ಕೇಳಿದ್ದರೆ ಹೇಳ್ತಿದ್ದ."

ನಾನು ಮಾತಾಡಲಿಲ್ಲ. ಯಾಕೆಂದರೆ ನನ್ನ ಕೆಲಸವೂ ಅದೇ. ಒಂದು ಕಂಪನಿಯ ಅಂಗಡಿಗಳ ಪಟ್ಟಿ ನನ್ನ ಲ್ಯಾಪ್‌ಟಾಪಿನಲ್ಲಿತ್ತು. ವ್ಯಾಪಾರ ಕಮ್ಮಿ ಇರುವ ಒಂಬತ್ತಕ್ಕೆ ಕೆಂಪು ಬಣ್ಣ ಬಳಿದಿದ್ದೆ. ಸೋಮವಾರ ಒಪ್ಪಿಸಬೇಕು.

"ನಿಂದು ಎಷ್ಟು ವಾರದ ಲೆಕ್ಕ?" ಅಪ್ಪ ಕೇಳಿಯೇಬಿಟ್ಟರು. ಮಗ ಏನು ಮಾಡ್ತಾನೆ ಅಂತ ಅಮ್ಮನಿಗೆ ವಿವರಿಸುವಾಗ ಚೆನ್ನಾಗಿಯೇ ಅರ್ಥ ಮಾಡಿಕೊಂಡಿದ್ದರು ಅನ್ಸುತ್ತೆ.

"ಆರು."

"ಪರವಾಗಿಲ್ಲ, ಅವನಿಗಿಂತ ಐದು ಜಾಸ್ತಿ," ಅಂದು ನಕ್ಕರು. ನನಗೆ ನಗು ಬರಲಿಲ್ಲ.

ಹಳಿ ಕಿತ್ತ ಆ ಜಾಗದಲ್ಲೇ 2013ರ ಮೇ ತಿಂಗಳಿಂದ ಟ್ರಾಮ್ ಓಡುತ್ತಿದೆ. ಹಳೇ ಸ್ಟೇಷನ್ನಿಗೆ ಸ್ವಲ್ಪ ಆಚೆ, ಸ್ಕೂಲ್ ಲೇನ್ ಬಳಿ ಅದರ ನಿಲ್ದಾಣ. ನಲವತ್ತಾರು ವರ್ಷ ಬೇಕಾಯಿತು. ಅಪ್ಪನನ್ನು ಅದರಲ್ಲೇ ಸಿಟಿಗೆ ಕರೆದುಕೊಂಡು ಹೋದೆ. ಕೂರಲು ಸೀಟಿರಲಿಲ್ಲ. ಅವರಿಗೆ ಅದೇ ಖುಷಿ.

ಸೋಮವಾರ ಮ್ಯಾನೇಜರ್ ಹತ್ತಿರ ಇಡೀ ವರ್ಷದ ಅಂಕಿ ಬೇಕು ಅಂದೆ. ಎರಡು ದಿನ ಟೈಮ್ ಕೊಟ್ಟರು. ಒಂಬತ್ತರಲ್ಲಿ ಎರಡು ಕೆಂಪಿನಿಂದ ಆಚೆ ಬಂದವು.