ಎಡೆಯ ಪಟ್ಟಿ

ವರ್ಷದಲ್ಲಿ ಹಿರಿಯರ ಹೆಸರಿನಲ್ಲಿ ಎರಡು ದಿನ ಬರುತ್ತವೆ. ಒಂದು ಅಕ್ಟೋಬರ್ 1. ವಿಶ್ವಸಂಸ್ಥೆಯ ಮಹಾಸಭೆ 1990ರ ಡಿಸೆಂಬರಿನಲ್ಲಿ ಗೊತ್ತುಮಾಡಿದ್ದು, 1991ರಿಂದ ನಡೆದುಬಂದಿದೆ. ಇನ್ನೊಂದನ್ನು ಯಾವ ಸಭೆಯೂ ಗೊತ್ತುಮಾಡಲಿಲ್ಲ. ಭಾದ್ರಪದ ಬಹುಳದಲ್ಲಿ, ಮಹಾಲಯ ಅಮಾವಾಸ್ಯೆಯೊಳಗಾಗಿ, ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಮನೆಗಳಲ್ಲಿ ನಡೆಯುವ ಹಿರಿಯರ ಹಬ್ಬ. ಮೊದಲನೆಯದು ಇರುವವರಿಗೆ, ಎರಡನೆಯದು ಹೋದವರಿಗೆ. ಇರುವವರಿಗೆ ಶಾಲು, ಹಾರ, ಭಾಷಣ, ಹೋದವರಿಗೆ ಊಟ. ಯಾವುದು ವಾಸಿ ಎಂದರೆ ನಾನು ಊಟದ ಪಕ್ಷ.

ಭಾಷಣದಲ್ಲೂ ಒಮ್ಮೊಮ್ಮೆ ಕೆಲಸಕ್ಕೆ ಬರುವ ಮಾತಿರುತ್ತದೆ ಅನ್ನಿ. ನೋಡಿಕೊಳ್ಳಬೇಕೆಂಬ ಷರತ್ತು ಹಾಕಿ ಮಕ್ಕಳಿಗೆ ಬರೆದುಕೊಟ್ಟ ಜಮೀನನ್ನು, ಅವರು ನೋಡಿಕೊಳ್ಳದಿದ್ದರೆ, 2007ರ ಹಿರಿಯ ನಾಗರಿಕರ ಕಾಯಿದೆಯಡಿ ರದ್ದು ಮಾಡಿಸಬಹುದು. ಷರತ್ತನ್ನು ಪತ್ರದಲ್ಲೇ ಬರೆಸಿಡುವುದು ಕ್ಷೇಮ. ಇದನ್ನು ಹಳ್ಳಿಯ ಜಗಲಿಯ ಮೇಲೆ ಹೇಳಿದರೆ ಮುದುಕರು ಕಿವಿಗೊಟ್ಟು ಕೇಳುತ್ತಾರೆ, ಆಮೇಲೆ ಮಗ ಬರುತ್ತಾನೇನೋ ಎಂದು ಬಾಗಿಲ ಕಡೆ ನೋಡುತ್ತಾರೆ.

ಅಕ್ಟೋಬರ್ 1 ಸೂರ್ಯನ ಲೆಕ್ಕದ್ದು, ಕದಲುವುದಿಲ್ಲ. ಅಮಾವಾಸ್ಯೆ ಚಂದ್ರನದು. ಹನ್ನೆರಡು ಚಾಂದ್ರಮಾಸ ಸೇರಿದರೆ ಸುಮಾರು 354 ದಿನ, ಹಾಗಾಗಿ ಅದು ವರ್ಷಕ್ಕೆ ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಅಧಿಕಮಾಸ ಬಂದಾಗ ಮತ್ತೆ ಮುಂದಕ್ಕೆ ಜಿಗಿಯುತ್ತದೆ. 2023ರಲ್ಲಿ ಅಕ್ಟೋಬರ್ 14, 2024ರಲ್ಲಿ ಅಕ್ಟೋಬರ್ 2, 2025ರಲ್ಲಿ ಸೆಪ್ಟೆಂಬರ್ 21. ಸ್ವಾರಸ್ಯವೆಂದರೆ ಈ ಮೂರೂ ಮಹಾಲಯ ಅಮಾವಾಸ್ಯೆಗಳಿಗೆ ಸೂರ್ಯಗ್ರಹಣ ಜೊತೆಯಾಯಿತು. ಒಂದೂ ನಮಗೆ ಕಾಣಲಿಲ್ಲ. ಕಾಣದ ಗ್ರಹಣಕ್ಕೇ ನಮ್ಮಲ್ಲಿ ಗಾಬರಿ ಹೆಚ್ಚು. 2025ರಲ್ಲಿ ಗ್ರಹಣ ಹಿಡಿದದ್ದು ನ್ಯೂಜಿಲೆಂಡ್ ಕಡೆಗೆ, ಆಗ ನಮಗೆ ರಾತ್ರಿ. ಎಡೆ ಇಡಬಹುದೋ ಬಾರದೋ ಎಂದು ಬೀದಿಯವರೆಲ್ಲ ಕೇಳಿದರು. ಅವ್ವನಿಗೆ ಗೋಳ ಹಿಡಿದು ವಿವರಿಸಿದೆ. "ಅವ್ರೂ ಎಡೆ ಇಡ್ತಾರಾ?" ಎಂದಳು. ಅದಕ್ಕೆ ನನ್ನ ಬಿ.ಎಸ್ಸಿ.ಯಲ್ಲಿ ಉತ್ತರವಿರಲಿಲ್ಲ.

ಎಡೆ ಎಂದರೆ ಬಾಳೆಲೆಯ ಮೇಲೆ ಬಡಿಸಿ ಧೂಪ ಹಾಕುವುದಷ್ಟೇ ಅಲ್ಲ. ಹೋದವರಿಗೆ ಏನು ಇಷ್ಟವಿತ್ತೋ ಅದು ಎಲೆಯ ಮೇಲಿರಬೇಕು. ಒಂದು ಮನೆಯಲ್ಲಿ ಕಜ್ಜಾಯ, ಇನ್ನೊಂದರಲ್ಲಿ ಬಾಡು. ಬೀಡಿ ಕಟ್ಟಿಟ್ಟು ಬೆಂಕಿಪೊಟ್ಟಣ ಮರೆಯದವರುಂಟು. ನಸ್ಯದ ಡಬ್ಬಿ, ಎಲೆಅಡಿಕೆ, ಹೊಗೆಸೊಪ್ಪು, ಕ್ವಾರ್ಟರ್ ಬಾಟಲಿ ಎಲ್ಲಕ್ಕೂ ಜಾಗವಿದೆ. ಹೊಸ ಪಂಚೆ, ಸೀರೆ ಮಡಿಸಿಟ್ಟು, ಅವರು ಬಂದು ಉಣ್ಣಲೆಂದು ಸ್ವಲ್ಪ ಹೊತ್ತು ಬಾಗಿಲು ಮುಚ್ಚಿ ಹೊರಗೆ ನಿಲ್ಲುತ್ತೇವೆ. ಬದುಕಿದ್ದಾಗ ಯಾವುದಕ್ಕೆ ಬೈಸಿಕೊಂಡರೋ ಅದನ್ನೇ ಸತ್ತ ಮೇಲೆ ಕೈಮುಗಿದು ಕೊಡುತ್ತೇವೆ.

ಈ ಪಟ್ಟಿ ಎಲ್ಲೂ ಬರೆದಿರುವುದಿಲ್ಲ, ಮನೆಯ ಹಿರಿಯ ಹೆಂಗಸಿನ ಬಾಯಲ್ಲಿರುತ್ತದೆ. ನಮ್ಮಲ್ಲಿ ಅದು ಅವ್ವನ ಬಾಯಲ್ಲಿದೆ. ಎಂಬತ್ತು ದಾಟಿದ ಅವಳಿಗೆ ಈಗ ಮರೆವು. ಮೊಮ್ಮಕ್ಕಳ ಹೆಸರು ಅದಲುಬದಲಾಗುತ್ತದೆ, ಬೆಳಗಿನ ಮಾತ್ರೆಯನ್ನು ಎರಡು ಸಲ ಕೇಳುತ್ತಾಳೆ. ಆದರೂ 2025ರ ಹಬ್ಬದ ದಿನ ಅಡುಗೆಮನೆ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತವಳು ಯಾವುದನ್ನೂ ತಪ್ಪಿಸಲಿಲ್ಲ. "ನಿಮ್ ತಾತಂಗೆ ಹುರಿಗಡ್ಲೆ. ಅಂಗೇ ಇಡಬ್ಯಾಡ್ರಿ, ಹಲ್ಲಿಲ್ಲ, ಪುಡಿ ಮಾಡ್ರಿ." ತಾತ ಹೋಗಿ ನಲವತ್ತು ವರ್ಷದ ಮೇಲಾಯಿತು.

ಬೆಂಗಳೂರಿನಿಂದ ಬಂದಿದ್ದ ತಮ್ಮನಿಗೆ ಸಂಜೆಯೇ ಹೊರಡುವ ಅವಸರ. ಇಷ್ಟೊಂದು ಎಲೆ ಯಾಕೆ, ಎಲ್ಲರಿಗೂ ಸೇರಿಸಿ ಒಂದೇ ಹಾಕೋಣ ಎಂದ. ನನ್ನ ಹೆಂಡತಿ ಏನೂ ಅನ್ನದೆ ಎಲೆ ಒರೆಸುತ್ತಿದ್ದಳು. ನಾನು ನೋಟ್‌ಬುಕ್ ತಂದು ಅವ್ವನ ಪಕ್ಕದಲ್ಲಿ ಕುಳಿತು ಒಂದೊಂದೇ ಎಲೆ ತೋರಿಸಿ ಹೆಸರು, ಪದಾರ್ಥ ಬರೆದುಕೊಂಡೆ. ಐದು ಎಲೆ ಸರಿಹೋಯಿತು. ಮೂಲೆಯಲ್ಲಿ ಆರನೆಯದೊಂದು ಚಿಕ್ಕ ಎಲೆ ವರ್ಷವರ್ಷವೂ ಇರುತ್ತಿತ್ತು. ಅದು ಯಾರದೆಂದು ಅವ್ವ ಹೇಳಿದವಳಲ್ಲ, ನಾವು ಕೇಳಿದವರಲ್ಲ.

"ಅದು ನಿಮ್ಮಜ್ಜಿ ತಂಗೀದು ಕನಪ್ಪ. ಗಂಡ ಸತ್ತು ನಮ್ಮನೇಲೇ ಇದ್ಲು. ಮಕ್ಳಿಲ್ಲ, ಇಡೋರ್ಯಾರು? ನಿನ್ನ ಎತ್ತಾಡ್ಸಿದ್ದು ಅವ್ಳೇ."

ಬರೆದುಕೊಂಡೆ. ಅವಳಿಗೆ ಏನು ಇಷ್ಟವಿತ್ತು ಎಂದು ಕೇಳಿದೆ. ಅವ್ವ ಬಹಳ ಹೊತ್ತು ಯೋಚಿಸಿದಳು. ಮರೆತಿರಬೇಕು ಎಂದುಕೊಂಡು ನಾನು ಪೆನ್ನು ಮುಚ್ಚುವಷ್ಟರಲ್ಲಿ ಹೇಳಿದಳು: "ಎಲ್ರೂ ಉಂಡ ಮೇಲೆ ಮಿಕ್ಕಿದ್ದ ಉಣ್ತಿದ್ಲು. ಅವ್ಳನ್ನ ಯಾರು ಕೇಳಿದ್ರು?"

ತಮ್ಮ ಕೈಗಡಿಯಾರ ನೋಡುವುದನ್ನು ಬಿಟ್ಟು ಹಿತ್ತಲಿಗೆ ಹೋಗಿ ದೊಡ್ಡದೊಂದು ಎಲೆ ಕೊಯ್ದು ತಂದ. ಮಾಡಿದ್ದನ್ನೆಲ್ಲ ಅದಕ್ಕೆ ಮೊದಲು ಬಡಿಸಿದೆವು.